ಗಟ್ಟಿಮೇಳವೂ ಜೊಲ್ಲುರಸವೂ: ಮನೋವಿಜ್ಞಾನಕ್ಕೊಂದು ಪ್ರವೇಶಿಕೆ

ಮನೋವಿಜ್ಞಾನದ ಪಠ್ಯಪುಸ್ತಕಗಳೆಲ್ಲ 1879ರಲ್ಲಿ, ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಶುರುವಾಗುತ್ತವೆ. ವಿಲ್‌ಹೆಲ್ಮ್ ವುಂಟ್ ಎಂಬ ಪ್ರೊಫೆಸರು ಮನಸ್ಸನ್ನು ಅಳೆಯುವುದಕ್ಕೆಂದೇ ಅಲ್ಲೊಂದು ಪ್ರಯೋಗಶಾಲೆ ತೆರೆದರು. ಜಗತ್ತಿನಲ್ಲಿ ಅದೇ ಮೊದಲನೆಯದು ಎಂದು ವಿದ್ವಾಂಸರೆಲ್ಲ ಒಪ್ಪಿದ್ದಾರೆ. ನಾನು ಒಪ್ಪಿಲ್ಲ. ಅದಕ್ಕಿಂತ ಎಷ್ಟೋ ಮೊದಲೇ ನಮ್ಮಲ್ಲಿ ಮದುವೆ ಛತ್ರಗಳಿದ್ದವು. ವುಂಟ್ ಅವರ ಹತ್ತಿರ ಗಡಿಯಾರಗಳಿದ್ದವು, ಬಗೆಬಗೆಯ ಯಂತ್ರಗಳಿದ್ದವು. ಬೀಗರು ಇರಲಿಲ್ಲ.

ನಮ್ಮ ದೇಶದಲ್ಲಿ ಈ ಶಾಸ್ತ್ರಕ್ಕೆ ಮೊದಲ ವಿಭಾಗ ಸಿಕ್ಕಿದ್ದು ಕಲ್ಕತ್ತೆಯಲ್ಲಿ, 1916ರಲ್ಲಿ. ಮೈಸೂರಿನಲ್ಲಿ 1924ಕ್ಕೆ ಬಂತು. ಮೈಸೂರಿನ ವಿಭಾಗ ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಹತ್ತಿರ ಓದಿ ಬಂದವರು. ಹತ್ತು ಹನ್ನೊಂದು ವರ್ಷ ಮನುಷ್ಯರ ಮನಸ್ಸನ್ನು ಅಭ್ಯಾಸ ಮಾಡಿದ ಮೇಲೆ, 1935ರಲ್ಲಿ, ಅವರು ತಮ್ಮ ಮನೆಯಲ್ಲೇ ರೇಡಿಯೋ ನಿಲಯವೊಂದನ್ನು ಸ್ಥಾಪಿಸಿದರು. ಆಕಾಶವಾಣಿ ಎಂಬ ಹೆಸರು ಬಂದದ್ದು ಅಲ್ಲಿಂದ. ಇದನ್ನು ಹವ್ಯಾಸ ಎನ್ನುವವರಿದ್ದಾರೆ. ನನ್ನ ಪ್ರಕಾರ ಇದು ಸಂಶೋಧನೆಯ ಫಲಿತಾಂಶ. ಜನರ ಮಾತನ್ನು ಅಷ್ಟು ಕಾಲ ಕೇಳಿದವರಿಗೆ, ತಾವು ಮಾತಾಡಬೇಕು, ಎದುರಿನವರಿಗೆ ತಿರುಗಿ ಉತ್ತರ ಹೇಳಲು ಆಗಕೂಡದು, ಅಂಥದೊಂದು ಯಂತ್ರ ಬೇಕು ಎನಿಸುವುದು ಸಹಜ. ಇನ್ನು ‘ಕೊರವಂಜಿ’ ಎಂಬ ನಗೆಪತ್ರಿಕೆ ನಡೆಸಿದ ಡಾಕ್ಟರ್ ಎಂ. ಶಿವರಾಂ ಅವರೇ ಮನಸ್ಸಿನ ಬಗ್ಗೆ ‘ಮನಮಂಥನ’ ಬರೆದರು. ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎರಡೂ ಕೆಲಸವನ್ನು ಒಬ್ಬರೇ ಮಾಡಿದ್ದು ಕಾಕತಾಳೀಯ ಎಂದು ತಿಳಿದವರು ಹೇಳುತ್ತಾರೆ. ತಿಳಿದವರು ಹಾಗೆ ಎಷ್ಟೋ ಹೇಳುತ್ತಾರೆ.

ನನ್ನ ಅರ್ಹತೆಯ ಬಗ್ಗೆಯೂ ಒಂದು ಮಾತು. ಈ ವಿಷಯವನ್ನು ನಾನು ಯಾವ ಕಾಲೇಜಿನಲ್ಲೂ ಓದಿಲ್ಲ. ಹಾಗಾಗಿ ನನಗೆ ಪೂರ್ವಗ್ರಹಗಳಿಲ್ಲ. 1999ರಲ್ಲಿ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನಿಂಗ್ ಎಂಬಿಬ್ಬರು ಒಂದು ಪ್ರಬಂಧ ಪ್ರಕಟಿಸಿದರು. ಪರೀಕ್ಷೆಯಲ್ಲಿ ತೀರ ಕೆಳಗಿದ್ದವರು, ಅಂದರೆ ನೂರು ಜನರ ಸಾಲಿನಲ್ಲಿ ಕೆಳಗಿನಿಂದ ಹನ್ನೆರಡನೆಯ ಜಾಗದ ಆಸುಪಾಸಿನಲ್ಲಿದ್ದವರು, ತಾವು ಅರವತ್ತೆರಡರ ಆಸುಪಾಸಿನಲ್ಲಿದ್ದೇವೆ ಎಂದು ಭಾವಿಸಿದ್ದರಂತೆ. ಓದಿ ನನ್ನ ಕಣ್ಣು ತೆರೆಯಿತು. ನನ್ನ ಪರಿಚಯದ ಅನೇಕರಿಗೆ ಇದು ಅಕ್ಷರಶಃ ಒಪ್ಪುತ್ತದೆ. ಅವರಿಗೆಲ್ಲ ಕಳಿಸಿಕೊಟ್ಟೆ. ವಿಚಿತ್ರವೆಂದರೆ, ನನ್ನದು ತಲುಪುವ ಮೊದಲೇ ಅವರಲ್ಲಿ ಕೆಲವರು ಅದನ್ನೇ ನನಗೆ ಕಳಿಸಿದ್ದರು. ಇಷ್ಟು ಒಳ್ಳೆಯ ಪ್ರಬಂಧವನ್ನು ನಾನೂ ಓದಲಿ ಎಂಬ ಪ್ರೀತಿ ಇರಬೇಕು.

ಛತ್ರವೇ ಏಕೆ? ಕಾರಣವಿದೆ. 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತಿಬ್ಬರು ಸಂಶೋಧಕರು ಈ ಶಾಸ್ತ್ರದ ಒಂದು ಗುಟ್ಟನ್ನು ರಟ್ಟು ಮಾಡಿದರು. ಪ್ರಮುಖ ಮನೋವಿಜ್ಞಾನ ಪತ್ರಿಕೆಗಳ ಪ್ರಯೋಗಗಳಿಗೆ ಕೂತವರಲ್ಲಿ ಶೇ 96ರಷ್ಟು ಜನ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ಆ ದೇಶಗಳಲ್ಲಿ ಇರುವುದು ಜಗತ್ತಿನ ಶೇ 12ರಷ್ಟು ಜನ ಮಾತ್ರ. ಅವರಲ್ಲೂ ಬಹುಮಂದಿ ಕಾಲೇಜು ಹುಡುಗರು. ಅಂದರೆ, ‘ಮನುಷ್ಯ ಸ್ವಭಾವ’ ಎಂದು ಪುಸ್ತಕದಲ್ಲಿ ಅಚ್ಚಾಗಿರುವುದು ಹೆಚ್ಚಿನಂಶ ಹತ್ತೊಂಬತ್ತು ವರ್ಷದ ಅಮೆರಿಕನ್ ಹುಡುಗನ ಸ್ವಭಾವ. ಛತ್ರದಲ್ಲಿ ಈ ಕೊರತೆಯಿಲ್ಲ. ತೊಂಬತ್ತರ ಅಜ್ಜಿಯಿಂದ ತೊಟ್ಟಿಲ ಕೂಸಿನವರೆಗೆ ಎಲ್ಲ ವಯಸ್ಸಿನವರೂ ತಾವಾಗಿ ಬರುತ್ತಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಬೇಡ, ಕಾಫಿ ಕೊಟ್ಟರೆ ಸಾಕು. ಅಮೆರಿಕದವರನ್ನು ಕಾಡುತ್ತಿರುವ ಪುನರಾವರ್ತನೆಯ ಸಮಸ್ಯೆಯೂ ನಮಗಿಲ್ಲ. ಅವರು ನೂರು ಹಳೆಯ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿ 2015ರಲ್ಲಿ ವರದಿ ಕೊಟ್ಟರು. ಗಟ್ಟಿಯಾಗಿ ನಿಂತವು ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ನಮ್ಮ ಪ್ರಯೋಗವನ್ನು ವೈಶಾಖ, ಜ್ಯೇಷ್ಠಗಳಲ್ಲಿ ನಾಡಿನ ಎಲ್ಲ ಛತ್ರಗಳಲ್ಲೂ ಒಂದೇ ಲಗ್ನದಲ್ಲಿ ಮಾಡುತ್ತಾರೆ. ಫಲಿತಾಂಶ ಒಂದೇ. ಆಷಾಢದಲ್ಲಿ ಪ್ರಯೋಗಶಾಲೆಗೆ ರಜೆ.

ಮೊದಲ ಪಾಠ ಇವಾನ್ ಪಾವ್ಲೊವ್. ಇವರಿಗೆ 1904ರಲ್ಲಿ ನೊಬೆಲ್ ಬಂದದ್ದು ಮನಸ್ಸಿನ ಕೆಲಸಕ್ಕಲ್ಲ, ಜೀರ್ಣಕ್ರಿಯೆಯ ಕೆಲಸಕ್ಕೆ. ವಿದ್ಯಾರ್ಥಿಗಳು ಇದನ್ನು ಅಡಿಗೆರೆ ಹಾಕಿಕೊಳ್ಳಬೇಕು: ಈ ಶಾಸ್ತ್ರಕ್ಕೆ ಪ್ರವೇಶ ಹೊಟ್ಟೆಯ ಕಡೆಯ ಬಾಗಿಲಿನಿಂದ. ನಾಯಿಗೆ ಆಹಾರ ಕೊಡುವ ಮುಂಚೆ ಪ್ರತಿಸಲ ಮೆಟ್ರೋನೋಮ್ ಟಿಕ್ ಟಿಕ್ ಎಂದರೆ, ಕೆಲವು ದಿನಗಳಲ್ಲಿ ಟಿಕ್ ಟಿಕ್ ಕೇಳಿದೊಡನೆಯೇ ಅದರ ಬಾಯಲ್ಲಿ ಜೊಲ್ಲು ಬರುತ್ತದೆ. ಆಹಾರ ಇರಲೇಬೇಕೆಂದಿಲ್ಲ, ಸದ್ದು ಸಾಕು.

ಈಗ ಛತ್ರಕ್ಕೆ ಬನ್ನಿ. ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಎನ್ನುತ್ತಾರೆ. ಅದುವರೆಗೆ ತೂಕಡಿಸುತ್ತಿದ್ದ ವಾಲಗದವರು ಒಮ್ಮೆಲೇ ಕೆನ್ನೆ ಉಬ್ಬಿಸುತ್ತಾರೆ, ಡೋಲು ಬಿರುಸಾಗುತ್ತದೆ. ಶಾಸ್ತ್ರದ ಪ್ರಕಾರ ಇದು ಮಾಂಗಲ್ಯಧಾರಣೆಯ ಮಂಗಳವಾದ್ಯ. ಕೆಟ್ಟ ಸದ್ದು ಕಿವಿಗೆ ಬೀಳದಿರಲಿ ಎಂದು ಮಾಡಿದ ಏರ್ಪಾಡು. ಆದರೆ ವಿಜ್ಞಾನಿ ವೇದಿಕೆಯನ್ನು ನೋಡಬಾರದು, ಕುರ್ಚಿಗಳನ್ನು ನೋಡಬೇಕು. ಹಿಂದಿನ ಸಾಲುಗಳು ಮೊದಲು ಏಳುತ್ತವೆ. ಎದ್ದವರು ಅಕ್ಷತೆಯನ್ನು ವೇದಿಕೆಯ ಕಡೆ ಎಸೆಯುತ್ತಾರೆ, ಕಾಲು ಮಾತ್ರ ಊಟದ ಹಾಲಿನ ಕಡೆ ತಿರುಗಿರುತ್ತದೆ. ಹೀಗೆ ಎಸೆದ ಅಕ್ಷತೆ ವಧೂವರರನ್ನು ತಲುಪುವುದಿಲ್ಲ. ಮುಂದಿನ ಸೋಫಾದಲ್ಲಿ ಕೂತ ಹಿರಿಯರ ಬೋಳುತಲೆಯನ್ನು ತಲುಪುತ್ತದೆ. ಆ ಹಿರಿಯರೂ ಅಷ್ಟರಲ್ಲಿ ಏಳುವ ಪ್ರಯತ್ನದಲ್ಲಿರುತ್ತಾರೆ. ಇದಕ್ಕೆ ಪುಸ್ತಕದಲ್ಲಿ ಅಭಿಜಾತ ಅನುಬಂಧನ ಎಂದು ಹೆಸರು.

ಪಾವ್ಲೊವ್ ಇನ್ನೂ ಒಂದನ್ನು ತೋರಿಸಿದ್ದರು. ಸದ್ದು ಮಾಡಿ ಮಾಡಿ ಆಹಾರ ಕೊಡದೇ ಇದ್ದರೆ ಜೊಲ್ಲು ಕ್ರಮೇಣ ನಿಂತುಹೋಗುತ್ತದೆ. ಗಟ್ಟಿಮೇಳದ ಬಳಿಕ ಊಟ ಹಾಕದೆ ಕಳಿಸಿ ಇದನ್ನು ಛತ್ರದಲ್ಲೂ ಪರೀಕ್ಷಿಸಬಹುದು. ಧೈರ್ಯವಿರುವ ಹೆಣ್ಣಿನ ತಂದೆ ಇನ್ನೂ ಸಿಕ್ಕಿಲ್ಲ.

ಊಟದ ಹಾಲಿನಲ್ಲಿ ವಿಷಯ ಇನ್ನಷ್ಟು ಗಹನವಾಗುತ್ತದೆ. ಮೊದಲ ಪಂಕ್ತಿ ಕೂತಾಗಿದೆ. ಪ್ರತಿ ಕುರ್ಚಿಯ ಹಿಂದೆ ಎರಡನೆಯ ಪಂಕ್ತಿಯವರು ನಿಂತಿದ್ದಾರೆ. ಕೆಲವರು ಕುರ್ಚಿಯ ಬೆನ್ನಿನ ಮೇಲೆ ಕರ್ಚೀಫು ಹಾಕಿ, ಅದರ ಮೇಲೆ ಕೈಯಿಟ್ಟು, ಉಣ್ಣುವವನ ಎಲೆಯಲ್ಲಿ ಅನ್ನ ಎಷ್ಟು ಉಳಿದಿದೆ ಎಂದು ಬಗ್ಗಿ ನೋಡುತ್ತಿರುತ್ತಾರೆ. ಅಮೆರಿಕದ ಎಡ್ವರ್ಡ್ ಹಾಲ್ ಎಂಬುವವರು ಮನುಷ್ಯರ ನಡುವಿನ ಅಂತರವನ್ನು ಅಳೆದು, ಒಂದೂವರೆ ಅಡಿಗಿಂತ ಹತ್ತಿರದ್ದು ತೀರ ಆಪ್ತರಿಗೆ ಮೀಸಲಾದ ವಲಯ ಎಂದಿದ್ದಾರೆ. ಆ ಲೆಕ್ಕದಲ್ಲಿ ಎರಡನೆಯ ಪಂಕ್ತಿಗೆ ಕಾಯುವವನು ನನ್ನ ಅತ್ಯಂತ ಆಪ್ತ. ಅವನ ಹೆಸರು ನನಗೆ ಗೊತ್ತಿಲ್ಲ, ಅವನ ಹೊಟ್ಟೆ ಗುಡುಗುವುದು ಕೇಳಿಸುತ್ತದೆ.

ಯಾರೋ ನೋಡುತ್ತಿದ್ದರೆ ನಮ್ಮ ಕೆಲಸದ ವೇಗ ಬದಲಾಗುತ್ತದೆ. ಇದು ಬಹಳ ಹಳೆಯ ಸಿದ್ಧಾಂತ. ಸೈಕಲ್ ಪಂದ್ಯದವರು ಒಬ್ಬರೇ ತುಳಿಯುವುದಕ್ಕಿಂತ ಜೊತೆಗಾರರಿದ್ದಾಗ ವೇಗವಾಗಿ ತುಳಿಯುತ್ತಾರೆ ಎಂದು ನಾರ್ಮನ್ ಟ್ರಿಪ್ಲೆಟ್ 1898ರಲ್ಲೇ ಬರೆದರು. ಆದರೆ ಇದನ್ನು ಪರಿಷ್ಕರಿಸಿದ ಕೀರ್ತಿ ರಾಬರ್ಟ್ ಝಯೋನ್ಸ್ ಅವರಿಗೂ ಜಿರಲೆಗಳಿಗೂ ಸಲ್ಲಬೇಕು. 1969ರಲ್ಲಿ ಅವರು ಜಿರಲೆಗಳನ್ನು ಬೆಳಕಿನಿಂದ ಓಡಿಸಿದರು, ಪಕ್ಕದ ಗಾಜಿನ ಗೂಡುಗಳಲ್ಲಿ ಬೇರೆ ಜಿರಲೆಗಳನ್ನು ಪ್ರೇಕ್ಷಕರಾಗಿ ಕೂರಿಸಿದರು. ನೇರ ದಾರಿಯಿದ್ದಾಗ ಪ್ರೇಕ್ಷಕರ ಮುಂದೆ ಜಿರಲೆ ಹೆಚ್ಚು ಬೇಗ ಓಡಿತು. ದಾರಿ ಅಂಕುಡೊಂಕಾಗಿದ್ದಾಗ ತಡವರಿಸಿತು. ಸುಲಭದ ಕೆಲಸವನ್ನು ಪ್ರೇಕ್ಷಕರು ಚುರುಕಾಗಿಸುತ್ತಾರೆ, ಕಷ್ಟದ ಕೆಲಸವನ್ನು ಕೆಡಿಸುತ್ತಾರೆ.

ಬಾಳೆಲೆಯ ಮುಂದೆ ಇದರ ಸತ್ಯ ಕಣ್ಣಿಗೆ ಹೊಡೆಯುತ್ತದೆ. ಅನ್ನ ಸಾರು ನೇರ ದಾರಿ. ಹಿಂದೆ ನಿಂತವನ ಉಸಿರು ಕತ್ತಿಗೆ ತಾಗಿದಷ್ಟೂ ಸಾರು ಬೇಗ ಖಾಲಿಯಾಗುತ್ತದೆ. ಪಾಯಸ ಅಂಕುಡೊಂಕು ದಾರಿ. ಎಲೆಯ ಮೇಲೆ ಸುರಿದ ಶಾವಿಗೆ ಪಾಯಸವನ್ನು ಬರಿಗೈಯಲ್ಲಿ ತಡೆದು, ಉಪ್ಪಿನಕಾಯಿಯ ಕಡೆ ಹರಿಯದಂತೆ ಕಟ್ಟೆ ಕಟ್ಟಿ, ಮುಂಗೈಗೆ ಇಳಿಯುವ ಮೊದಲು ಬಾಯಿಗೆ ಸೇರಿಸುವುದು ಏಕಾಂತದಲ್ಲೇ ಕಷ್ಟದ ವಿದ್ಯೆ. ಪ್ರೇಕ್ಷಕರಿದ್ದರೆ ಅದು ಮೊಣಕೈವರೆಗೆ ಹೋಗಿಯೇ ಹೋಗುತ್ತದೆ. ಝಯೋನ್ಸ್ ಜಿರಲೆಗಳನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಹೋದದ್ದೇ ಒಳ್ಳೆಯದಾಯಿತು ಎನ್ನುವ ಅಡುಗೆ ಭಟ್ಟರೂ ಇದ್ದಾರೆ. ಜಿರಲೆ ವಿಷಯ ಹಾಲಿನಲ್ಲಿ ಎತ್ತುವುದು ಬೇಡ ಎಂದು ಅವರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

ಈಗ ಈ ಶಾಸ್ತ್ರದ ಅತ್ಯಂತ ಪ್ರಸಿದ್ಧ, ಅತ್ಯಂತ ಕರಾಳ ಪ್ರಯೋಗಕ್ಕೆ ಬರೋಣ. 1961ರಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಯೇಲ್ ವಿಶ್ವವಿದ್ಯಾಲಯದಲ್ಲಿ ಸಾಮಾನ್ಯ ಗಂಡಸರನ್ನು ಒಬ್ಬೊಬ್ಬರಾಗಿ ಒಂದು ಯಂತ್ರದ ಮುಂದೆ ಕೂರಿಸಿದರು. ಪಕ್ಕದ ಕೋಣೆಯಲ್ಲಿದ್ದ ವ್ಯಕ್ತಿ ತಪ್ಪು ಉತ್ತರ ಹೇಳಿದಾಗಲೆಲ್ಲ ಅವನಿಗೆ ಕರೆಂಟು ಕೊಡಬೇಕು, ಪ್ರತಿ ತಪ್ಪಿಗೂ 15 ವೋಲ್ಟ್ ಏರಿಸಬೇಕು, 450ರವರೆಗೆ. ನಿಜಕ್ಕೂ ಕರೆಂಟು ಇರಲಿಲ್ಲ, ಅವನು ನಟ. ಆದರೆ ಗುಂಡಿ ಒತ್ತುವವನಿಗೆ ಇದು ಗೊತ್ತಿಲ್ಲ. ಮನೋವೈದ್ಯರನ್ನು ಮೊದಲೇ ಕೇಳಿದಾಗ, ಸಾವಿರಕ್ಕೊಬ್ಬ ಕೊನೆಯವರೆಗೆ ಹೋದರೆ ಹೆಚ್ಚು ಎಂದಿದ್ದರು. ಮೊದಲು ಪ್ರಕಟವಾದ ಪ್ರಯೋಗದಲ್ಲಿ 40 ಜನರಲ್ಲಿ 26 ಜನ 450 ಮುಟ್ಟಿದರು. ಅವರನ್ನು ಯಾರೂ ಹೆದರಿಸಿರಲಿಲ್ಲ. ಬೂದುಬಣ್ಣದ ಕೋಟು ತೊಟ್ಟ ಒಬ್ಬ ಪಕ್ಕದಲ್ಲಿ ನಿಂತು, ಮೊದಲೇ ಬರೆದಿಟ್ಟ ನಾಲ್ಕು ವಾಕ್ಯಗಳನ್ನು ಕ್ರಮವಾಗಿ ಹೇಳುತ್ತಿದ್ದ, ಅಷ್ಟೇ. ಮೊದಲನೆಯದು, ದಯವಿಟ್ಟು ಮುಂದುವರಿಸಿ. ಕೊನೆಯದು, ನಿಮಗೆ ಬೇರೆ ದಾರಿಯಿಲ್ಲ.

ಛತ್ರದಲ್ಲಿ ಬೂದು ಕೋಟಿನ ಬದಲು ಜರಿಪಂಚೆ ಮತ್ತು ಹೆಗಲ ಮೇಲೊಂದು ಶಲ್ಯ. ಧರಿಸಿದವರು ಸಾಮಾನ್ಯವಾಗಿ ಹುಡುಗಿಯ ಸೋದರಮಾವ. ಅವರ ಹಿಂದೆ ಹೋಳಿಗೆ ಪಾತ್ರೆ ಹಿಡಿದ ಹುಡುಗ, ಅವನ ಹಿಂದೆ ತುಪ್ಪ. ಇವರು ನಿಮ್ಮ ಎಲೆಯ ಮುಂದೆ ನಿಂತಾಗ ನೀವು ಎರಡು ಹೋಳಿಗೆ ಮುಗಿಸಿ, ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದಿರುತ್ತೀರಿ. ಇಲ್ಲಿಯೂ ವಾಕ್ಯಗಳು ನಾಲ್ಕೇ, ಕ್ರಮವೂ ನಿಗದಿ. ಮೊದಲನೆಯದು: “ಇರ್ಲಿ ಇರ್ಲಿ, ಹಾಕಿಸ್ಕೊಳ್ಳಿ.” ಎರಡನೆಯದು: “ಮದುವೆ ಮನೇಲಿ ಬೇಡ ಅನ್ನಬಾರದು.” ಮೂರನೆಯದು: “ನಿಮ್ಮ ತಂದೆಯವರು ಹೀಗಿರ್ಲಿಲ್ಲಪ್ಪ, ಕೂತರೆ ಹತ್ತು ಹನ್ನೆರಡು ಅಂದ್ರೂ ಎದ್ದವರಲ್ಲ.” ಈ ಮೂರನೆಯ ವಾಕ್ಯ ಮಿಲ್‌ಗ್ರಾಮ್ ಅವರಿಗೆ ಹೊಳೆದೇ ಇರಲಿಲ್ಲ, ಹೊಳೆದಿದ್ದರೆ ನಲವತ್ತಕ್ಕೆ ನಲವತ್ತೂ 450 ಮುಟ್ಟುತ್ತಿದ್ದರು. ನಾಲ್ಕನೆಯದು ಮಾತಿನಲ್ಲಿಲ್ಲ. ನೀವು ತಂದೆಯವರ ನೆನಪಿನಲ್ಲಿ ಒಂದು ಕ್ಷಣ ಕೈ ಸಡಿಲಿಸುತ್ತೀರಿ, ಹೋಳಿಗೆ ಎಲೆಯ ಮೇಲೆ ಬಿದ್ದಿರುತ್ತದೆ. ಕೈ ತೆಗೆಯದವರಿಗೆ ಬೆರಳ ಸಂದಿಯಿಂದ ತುಪ್ಪ ಬಿಡುವ ಪದ್ಧತಿಯೂ ಇದೆ.

ಎರಡಕ್ಕೂ ವ್ಯತ್ಯಾಸಗಳಿಲ್ಲದೆ ಇಲ್ಲ. ನಾಲ್ಕನೆಯ ವಾಕ್ಯಕ್ಕೂ ಬಗ್ಗದವರನ್ನು ಮಿಲ್‌ಗ್ರಾಮ್ ಮನೆಗೆ ಕಳಿಸುತ್ತಿದ್ದರು. ಸೋದರಮಾವ ಪಾಯಸದ ಪಾತ್ರೆಯೊಂದಿಗೆ ಮತ್ತೆ ಬರುತ್ತಾರೆ. ಅಲ್ಲಿ ನರಳುತ್ತಿದ್ದವನು ನಟ, ಇಲ್ಲಿ ಹೊಟ್ಟೆ ಅಸಲಿ. ಅಲ್ಲಿ ಪ್ರಯೋಗ ಮುಗಿದ ಮೇಲೆ ಸಮಾಧಾನ ಮಾಡಿ ಕಳಿಸುತ್ತಿದ್ದರು, ಇಲ್ಲಿ ಬೀಡಾ ಕೊಡುತ್ತಾರೆ. ಮಿಲ್‌ಗ್ರಾಮ್ ಪ್ರಯೋಗದ ಬಗ್ಗೆ ಎದ್ದ ಗದ್ದಲದ ಬಳಿಕ ಇಂಥ ಕೆಲಸಕ್ಕೆ ನೀತಿ ಸಮಿತಿಗಳ ಅನುಮತಿ ಬೇಕೆಂಬ ಕಟ್ಟುಪಾಡು ಅಮೆರಿಕದಲ್ಲಿ ಬಿಗಿಯಾಯಿತು. ಸೋದರಮಾವನ ಅನುಮತಿಯನ್ನು ಯಾರೂ ಕೇಳಿಲ್ಲ. ಅವರೇ ಸಮಿತಿಯ ಅಧ್ಯಕ್ಷರು.

ಮುಂದೆ ಮಿಲ್‌ಗ್ರಾಮ್ ಒಂದು ಬದಲಾವಣೆ ಮಾಡಿ ನೋಡಿದರು. ಕೋಟಿನವನು ಎದುರಿಗೆ ನಿಲ್ಲದೆ ಫೋನಿನಲ್ಲಿ ಆದೇಶ ಕೊಟ್ಟಾಗ, ಕೊನೆಯವರೆಗೆ ಹೋಗುವವರು ಐದರಲ್ಲಿ ಒಬ್ಬರ ಮಟ್ಟಕ್ಕೆ ಇಳಿದರು. ಕೇಟರಿಂಗಿನವರು ಬಂದಮೇಲೆ ನಮ್ಮಲ್ಲೂ ಇದೇ ಆಗಿದೆ. ತಲೆಗೆ ಟೋಪಿ, ಕೈಗೆ ಪ್ಲಾಸ್ಟಿಕ್ ಗ್ಲೌಸ್ ಹಾಕಿದ ಹುಡುಗ “ಹೋಳಿಗೆ ಸಾರ್?” ಎಂದು ಪ್ರಶ್ನಾರ್ಥಕವಾಗಿ ಕೇಳುತ್ತಾನೆ. ಪ್ರಶ್ನೆ ಕೇಳಿದ ಕೂಡಲೇ ಅಧಿಕಾರ ಹೋಯಿತು. ಜನ ಬೇಡ ಎನ್ನುತ್ತಾರೆ, ಅವನು ಮುಂದೆ ಹೋಗುತ್ತಾನೆ, ಆಮೇಲೆ ಜನ ಮನೆಗೆ ಹೋಗಿ ಉಪಚಾರವೇ ಇರಲಿಲ್ಲ ಎನ್ನುತ್ತಾರೆ. ಬಫೆಯ ಕಥೆ ಇನ್ನೂ ಬೇರೆ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಗಡಿಯಲ್ಲಿ 24 ಬಗೆಯ ಜಾಮ್ ಇಟ್ಟಾಗ ಜನ ಗೊಂದಲಗೊಂಡು ಕೊಳ್ಳದೆ ಹೋದರು, 6 ಇಟ್ಟಾಗ ಹೆಚ್ಚು ಕೊಂಡರು. ನಮ್ಮವರು 24 ಬಗೆ ಇಟ್ಟರೂ ಗೊಂದಲಗೊಂಡವರಲ್ಲ. ಇಪ್ಪತ್ತನಾಲ್ಕನ್ನೂ ಒಂದೇ ತಟ್ಟೆಗೆ ಹಾಕಿಕೊಳ್ಳುತ್ತಾರೆ. ಗೋಬಿ ಮಂಚೂರಿಯ ಮೇಲೆ ಜಾಮೂನು ಕೂತಿರುವುದನ್ನು ನೋಡಿದ್ದರೆ ಅಯ್ಯಂಗಾರ್ ಅವರ ಪ್ರಬಂಧದ ಶೀರ್ಷಿಕೆಯೇ ಬೇರೆಯಾಗುತ್ತಿತ್ತು.

ಹಿಂದಿನ ಸಂಜೆಯ ಆರತಕ್ಷತೆಗೆ ಹಿಂದಿರುಗೋಣ. ವೇದಿಕೆಯ ಕೆಳಗೆ ಉದ್ದ ಸಾಲು. ಸಾಲಿನಲ್ಲಿರುವವರೆಲ್ಲ “ಜೋಡಿ ಹೇಳಿ ಮಾಡಿಸಿದ ಹಾಗಿದೆ” ಎನ್ನುತ್ತಿದ್ದಾರೆ. 1951ರಲ್ಲಿ ಸೊಲೊಮನ್ ಆಶ್ ಪ್ರಕಟಿಸಿದ ಪ್ರಯೋಗದಲ್ಲಿ ಕೇಳಿದ್ದು ಬಹಳ ಸುಲಭದ ಪ್ರಶ್ನೆ: ಮೂರು ಗೆರೆಗಳಲ್ಲಿ ಯಾವುದು ಈ ನಾಲ್ಕನೆಯ ಗೆರೆಯಷ್ಟು ಉದ್ದವಿದೆ? ಕೋಣೆಯಲ್ಲಿದ್ದವರಲ್ಲಿ ಒಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ಆಶ್ ಕಡೆಯವರು. ಅವರು ಒಕ್ಕೊರಲಿನಿಂದ ತಪ್ಪು ಗೆರೆ ತೋರಿಸಿದಾಗ, ನಾಲ್ವರಲ್ಲಿ ಮೂವರು ಒಂದು ಸಲವಾದರೂ ಕಣ್ಣಿಗೆ ಕಾಣುವುದನ್ನು ಬಿಟ್ಟು ಗುಂಪಿನ ಮಾತಿಗೆ ಸೇರಿಕೊಂಡರು. ಆದರೆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೂ ಸಾಕು, ಈ ರೋಗ ಬಹುಪಾಲು ವಾಸಿಯಾಗುತ್ತಿತ್ತು.

ಛತ್ರದಲ್ಲಿ ಆ ಒಬ್ಬರ ಸ್ಥಾನವನ್ನು ದೊಡ್ಡಮ್ಮನವರು ತುಂಬುತ್ತಾರೆ. ಅವರಿಗೆ ಕಿವಿ ಮಂದ, ಆದ್ದರಿಂದ ಗುಂಪಿನ ಅಭಿಪ್ರಾಯ ತಲುಪಿರುವುದಿಲ್ಲ. ತಾವು ಮಾತಾಡುವುದು ಎಷ್ಟು ಜೋರಾಗಿದೆ ಎಂಬುದೂ ತಿಳಿದಿರುವುದಿಲ್ಲ. ಮೂರನೆಯ ಸಾಲಿನಿಂದಲೇ “ಹುಡುಗ ಹುಡುಗಿಗಿಂತ ಕುಳ್ಳು ಅಲ್ವೇನೇ?” ಎಂದುಬಿಡುತ್ತಾರೆ. ಆಶ್ ಕೇಳಿದ್ದೂ ಉದ್ದದ ಪ್ರಶ್ನೆಯೇ ಎಂಬುದನ್ನು ಓದುಗರು ಮರೆಯಬಾರದು. ಆ ಕ್ಷಣದಿಂದ ಇಡೀ ಸಾಲಿಗೆ ದೃಷ್ಟಿ ಮರಳುತ್ತದೆ. “ನನಗೂ ಹಾಗೇ ಅನ್ನಿಸ್ತು, ಹೀಲ್ಸ್ ಹಾಕಿದಾಳಲ್ಲ ಅದಕ್ಕೆ” ಎಂಬಲ್ಲಿಂದ ಶುರುವಾಗಿ, ವೇದಿಕೆ ತಲುಪುವ ಹೊತ್ತಿಗೆ ಹುಡುಗನ ಸಂಬಳದವರೆಗೆ ಪರಿಶೀಲನೆ ಮುಗಿದಿರುತ್ತದೆ. ವೇದಿಕೆ ಹತ್ತಿದ ಮೇಲೆ ಮತ್ತೆ ಹೇಳಿ ಮಾಡಿಸಿದ ಜೋಡಿಯೇ.

ಜಾತಕ ಕೂಡಿಬಂದ ಜೋಡಿ ತಾನೇ, ಬೇರೆ ಹೇಗಿದ್ದೀತು? ಈ ಬಗ್ಗೆಯೂ ಒಂದು ಪ್ರಯೋಗವಿದೆ. 1948ರಲ್ಲಿ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಿ, ಪ್ರತಿಯೊಬ್ಬರಿಗೂ ಅವರವರದೇ ಎಂದು ಒಂದು ವಿವರಣೆ ಕೊಟ್ಟರು. ಎಷ್ಟು ನಿಖರವಾಗಿದೆ ಎಂದು ಕೇಳಿದಾಗ ವಿದ್ಯಾರ್ಥಿಗಳು ಕೊಟ್ಟ ಸರಾಸರಿ ಅಂಕ ಐದಕ್ಕೆ 4.26. ಎಲ್ಲರಿಗೂ ಕೊಟ್ಟದ್ದು ಒಂದೇ ಹಾಳೆ. ಅದರ ವಾಕ್ಯಗಳನ್ನು ಆರಿಸಿದ್ದು ಪತ್ರಿಕೆ ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ. ಇದರಿಂದ ಜ್ಯೋತಿಷ್ಯ ಸುಳ್ಳೆಂದು ಸಾಬೀತಾಯಿತು ಎಂದು ಕೆಲವರು ಆತುರ ಪಡುತ್ತಾರೆ. ನಾನಂತೂ, ಐದಕ್ಕೆ 4.26 ಬಂದ ಪುಸ್ತಕ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಿದ್ದೇನೆ.

ಹೊಣೆಗಾರಿಕೆಯ ಹಂಚಿಕೆ ಎಂಬ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದನ್ನು ಬೇರೆ ಯಾರಾದರೂ ಬರೆದೇ ಬರೆದಿರುತ್ತಾರೆ. 1968ರಲ್ಲಿ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಜನರನ್ನು ಕೋಣೆಯಲ್ಲಿ ಕೂರಿಸಿ ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದವರಲ್ಲಿ ಶೇ 75 ಜನ ಎದ್ದು ಹೋಗಿ ಹೇಳಿದರು. ಪಕ್ಕದಲ್ಲಿ ಇಬ್ಬರು ನಿರ್ಲಿಪ್ತರಾಗಿ ಕೂತಿದ್ದಾಗ ಹೇಳಿದವರು ಶೇ 10. ಛತ್ರದಲ್ಲಿ ಹೊಗೆ ಹೋಮಕುಂಡದಿಂದ ಬರುವುದರಿಂದ ಈ ಪ್ರಯೋಗ ನಡೆಯದು. ಬದಲಿಗೆ ಪುರೋಹಿತರು ಮುಹೂರ್ತದ ವೇಳೆಗೆ ಕೈ ಚಾಚಿ “ತಾಳಿ ಎಲ್ಲಿ?” ಎನ್ನುತ್ತಾರೆ. ಅಪ್ಪ ಅಮ್ಮನ ಮುಖ ನೋಡುತ್ತಾರೆ, ಅಮ್ಮ ಚಿಕ್ಕಮ್ಮನ ಮುಖ, ಚಿಕ್ಕಮ್ಮ ಅಣ್ಣನ ಮುಖ. ಹನ್ನೆರಡು ಜನ ಜೋಪಾನ ಮಾಡಿದ್ದರಿಂದ ಅದು ಮನೆಯ ಬೀರುವಿನಲ್ಲೇ ಭದ್ರವಾಗಿರುತ್ತದೆ. ಫ್ರಾನ್ಸಿನ ಮ್ಯಾಕ್ಸ್ ರಿಂಗಲ್‌ಮನ್ ಎಂಬ ಕೃಷಿ ಎಂಜಿನಿಯರ್ 1913ರಲ್ಲಿ ಪ್ರಕಟಿಸಿದ ಲೆಕ್ಕವೂ ಇಲ್ಲೇ ಸಲ್ಲುತ್ತದೆ: ಎಂಟು ಜನ ಸೇರಿ ದುಡಿದಾಗ ತಲಾ ಬೀಳುವ ಶಕ್ತಿ, ಒಬ್ಬನೇ ದುಡಿದಾಗಿನ ಅರ್ಧದಷ್ಟು. ರಾತ್ರಿ ಛತ್ರ ಖಾಲಿ ಮಾಡುವಾಗ ಹಾಸಿಗೆ ಸುರುಳಿಯೊಂದನ್ನು ಎಂಟು ಮಂದಿ ಭಾವಮೈದುನರು ಹೊತ್ತುಕೊಂಡು ಹೋಗುವುದನ್ನು ನೋಡಿದರೆ ರಿಂಗಲ್‌ಮನ್ ಉದಾರಿ ಎನಿಸುತ್ತದೆ.

ವದಂತಿಯ ವಿಷಯಕ್ಕೆ ಮಾತ್ರ ಸ್ವಲ್ಪ ನಿಲ್ಲಬೇಕು. ಕಾಗ್ನಿಟಿವ್ ಡಿಸೊನೆನ್ಸ್ ಎಂಬ ದೊಡ್ಡ ಸಿದ್ಧಾಂತದ ಬೇರು ಅಮೆರಿಕದಲ್ಲಿಲ್ಲ, ಬಿಹಾರದಲ್ಲಿದೆ. 1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳವನ್ನು ಭೀಕರ ಭೂಕಂಪ ನಡುಗಿಸಿತು. ಆಗ ಹಬ್ಬಿದ ವದಂತಿಗಳನ್ನು ಜಮುನಾ ಪ್ರಸಾದ್ ಎಂಬ ಮನೋವಿಜ್ಞಾನಿ ಕಲೆಹಾಕಿದರು. ನಡುಕ ಅನುಭವಿಸಿಯೂ ಹಾನಿಯೇನೂ ಆಗದ ಊರುಗಳಲ್ಲಿ, ಇದಕ್ಕಿಂತ ದೊಡ್ಡ ಅನಾಹುತ ಬರಲಿದೆ ಎಂಬ ವದಂತಿ ಜೋರಾಗಿತ್ತು. ಲಿಯಾನ್ ಫೆಸ್ಟಿಂಗರ್ ಇದನ್ನು ಓದಿ ತಲೆ ಕೆರೆದುಕೊಂಡರು. ಜನ ಏಕೆ ತಮ್ಮನ್ನು ತಾವೇ ಹೆದರಿಸಿಕೊಳ್ಳುತ್ತಾರೆ? ಅವರಿಗೆ ಹೊಳೆದ ಉತ್ತರ ಇದು: ಆ ಜನ ಆಗಲೇ ಹೆದರಿದ್ದರು, ಕಣ್ಣೆದುರು ಕಾರಣ ಮಾತ್ರ ಇರಲಿಲ್ಲ. ಮನಸ್ಸಿಗೂ ಲೋಕಕ್ಕೂ ಹೊಂದಾಣಿಕೆ ತಪ್ಪಿದಾಗ ಕಾರಣವನ್ನು ಕಟ್ಟಿಕೊಂಡರು. ಅಲ್ಲಿಂದ ಹೊರಟ ಯೋಚನೆ 1957ರಲ್ಲಿ ಪುಸ್ತಕವಾಯಿತು.

ಹುಡುಗನ ಕಡೆಯವರು ಛತ್ರದ ಮೆಟ್ಟಿಲು ಹತ್ತುವಾಗ ಹೆಣ್ಣಿನ ಕಡೆಯ ಹಿಂದಿನ ಸಾಲುಗಳನ್ನು ಗಮನಿಸಿ. ನಿಜವಾದ ಆತಂಕದ ಕೆಲಸ ಇರುವವರು, ಅಂದರೆ ಹಾಲು ತರಿಸುವವರು, ರೂಮಿನ ಬೀಗದ ಕೈ ಹುಡುಕುವವರು, ಏನೂ ಮಾತಾಡುವುದಿಲ್ಲ. ಅವರದು ಭೂಕಂಪದಲ್ಲಿ ಮನೆ ಬಿದ್ದವರ ಸ್ಥಿತಿ, ಪುರುಸೊತ್ತಿಲ್ಲ. ಯಾವ ಹಾನಿಯೂ ತಟ್ಟದೆ, ಕೈಯಲ್ಲಿ ಕಾಫಿ ಹಿಡಿದು ಕೂತ ಸಾಲಿನಲ್ಲೇ ಅದು ಹುಟ್ಟುತ್ತದೆ: “ಬೀಗರು ಏನೋ ಮುನಿಸಿಕೊಂಡಿದ್ದಾರಂತೆ.” ಏಕೆ? “ಕಾಲು ತೊಳೆಯೋಕೆ ಬಿಸಿನೀರು ಕೊಡಲಿಲ್ವಂತೆ.” ಎರಡನೆಯ ಕಾಫಿಯ ಹೊತ್ತಿಗೆ ಹುಡುಗನ ಅತ್ತೆ ವಾಪಸು ಬಸ್ಸು ಹತ್ತಿರುತ್ತಾರೆ. ಆ ಅತ್ತೆ ಆಗ ಮುಂದಿನ ಸಾಲಿನಲ್ಲಿ ಕೂತು, ಹೆಣ್ಣಿನವರು ಮುನಿಸಿಕೊಂಡಿರುವ ಬಗ್ಗೆ ವಿಚಾರಿಸುತ್ತಿರುತ್ತಾರೆ.

ಫೆಸ್ಟಿಂಗರ್ ಅವರದೇ ಇನ್ನೊಂದು ಪ್ರಯೋಗ, 1959ರದು, ಜೊತೆಗಿದ್ದವರು ಕಾರ್ಲ್‌ಸ್ಮಿತ್. ಜನರಿಂದ ಒಂದು ಗಂಟೆ ಅತ್ಯಂತ ಬೇಸರದ ಕೆಲಸ ಮಾಡಿಸಿ, ಹೊರಗೆ ಕಾಯುತ್ತಿರುವವರಿಗೆ ‘ಬಹಳ ಮಜವಾಗಿತ್ತು’ ಎಂದು ಹೇಳಲು ಕೇಳಿಕೊಂಡರು. ಹಾಗೆ ಹೇಳಲು ಕೆಲವರಿಗೆ 20 ಡಾಲರ್ ಕೊಟ್ಟರು, ಕೆಲವರಿಗೆ 1 ಡಾಲರ್. ಆಮೇಲೆ ಕೆಲಸ ನಿಜವಾಗಿ ಹೇಗಿತ್ತು ಎಂದು ಕೇಳಿದಾಗ, 20 ಪಡೆದವರು ಬೇಸರ ಎಂದರು, 1 ಪಡೆದವರು ಪರವಾಗಿಲ್ಲ, ಚೆನ್ನಾಗಿತ್ತು ಎಂದರು. ಸುಳ್ಳಿಗೆ ತಕ್ಕ ಬೆಲೆ ಸಿಗದಿದ್ದರೆ ಮನುಷ್ಯ ಅದನ್ನೇ ನಂಬಲು ಶುರುಮಾಡುತ್ತಾನೆ. ಬೆಂಗಳೂರಿನ ಯಲಹಂಕದಲ್ಲಿರುವವರು ಸಂಜೆ ಟ್ರಾಫಿಕ್ಕಿನಲ್ಲಿ ಕನಕಪುರ ರಸ್ತೆಯ ಕಲ್ಯಾಣ ಮಂಟಪಕ್ಕೆ ಹೋಗಿ, ಪಾರ್ಕಿಂಗ್ ಹುಡುಕಿ, ಸಾಲಿನಲ್ಲಿ ನಿಂತು, ಫೋಟೋಗ್ರಾಫರ್ ‘ಸಾರ್ ಈಕಡೆ’ ಎನ್ನುವಷ್ಟು ಹೊತ್ತು ವೇದಿಕೆ ಮೇಲಿದ್ದು, ನಡುರಾತ್ರಿ ಮನೆ ಸೇರಿ, “ಒಳ್ಳೇ ಗ್ರ್ಯಾಂಡ್ ಮದುವೆ” ಎನ್ನುತ್ತಾರೆ. ಅವರಿಗೆ ಸಿಕ್ಕಿದ್ದು ಒಂದು ತಾಂಬೂಲದ ಚೀಲ, ಅದರಲ್ಲಿ ಒಂದು ತೆಂಗಿನಕಾಯಿ. ಡಾಲರಿನ ಲೆಕ್ಕದಲ್ಲಿ ಒಂದಕ್ಕಿಂತ ಕಡಿಮೆ.

ಕೊನೆಯ ವಿಷಯ ಮುಯ್ಯಿ. 1971ರಲ್ಲಿ ಡೆನಿಸ್ ರೀಗನ್ ಎಂಬುವವರು ತೋರಿಸಿದ್ದು ಇಷ್ಟು: ಅಪರಿಚಿತನೊಬ್ಬ ಕೇಳದೆಯೇ ಒಂದು ಕೋಕಾಕೋಲಾ ತಂದುಕೊಟ್ಟರೆ, ಆಮೇಲೆ ಅವನು ಮಾರುವ ಲಾಟರಿ ಟಿಕೆಟ್ಟುಗಳನ್ನು ಜನ ಸುಮಾರು ಎರಡರಷ್ಟು ಕೊಳ್ಳುತ್ತಾರೆ. ಅವನು ಇಷ್ಟವಾಗಿರಬೇಕೆಂದೂ ಇಲ್ಲ; ಋಣ ಸಾಕು. ಇದಕ್ಕೂ ಮುಂಚೆ, 1927ರಲ್ಲಿ, ಬರ್ಲಿನ್ನಿನಲ್ಲಿದ್ದ ಬ್ಲೂಮಾ ಝೈಗಾರ್ನಿಕ್, ಮುಗಿದ ಕೆಲಸಕ್ಕಿಂತ ಮುಗಿಯದ ಕೆಲಸ ಹೆಚ್ಚು ನೆನಪಿರುತ್ತದೆ ಎಂದು ಬರೆದಿದ್ದರು. ಹೋಟೆಲಿನ ಮಾಣಿಗೆ ಬಿಲ್ಲು ಪಾವತಿಯಾಗದ ಟೇಬಲ್ಲಿನ ಆರ್ಡರು ಪೂರ್ತಿ ನೆನಪಿರುತ್ತದೆ, ಪಾವತಿಯಾದದ್ದು ಮರೆತುಹೋಗುತ್ತದೆ ಎಂಬಲ್ಲಿಂದ ಆ ಯೋಚನೆ ಹುಟ್ಟಿತು ಎನ್ನುತ್ತಾರೆ.

ಈ ಎರಡೂ ಸಿದ್ಧಾಂತಗಳನ್ನು ಒಂದೇ ನೋಟ್ ಪುಸ್ತಕದಲ್ಲಿ ಹೊಲಿದವರು ನಾವು. ವೇದಿಕೆಯ ಪಕ್ಕದಲ್ಲಿ, ಲೆಕ್ಕದಲ್ಲಿ ಗಟ್ಟಿಗರಾದ ಚಿಕ್ಕಪ್ಪ ಒಬ್ಬರು ಬೀಗದ ಬ್ಯಾಗು ಹಿಡಿದು ಕೂತಿರುತ್ತಾರೆ. ಕವರು, ಕವರಿನ ಮೇಲೆ ಹೆಸರು, ಒಳಗೆ ಐನೂರ ಒಂದು. ರಾತ್ರಿ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಪುಸ್ತಕಕ್ಕೆ ಇಳಿಸುತ್ತಾರೆ. ಲಗ್ನಪತ್ರಿಕೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸಿದವರೂ ಇಳಿಸುತ್ತಾರೆ. ಬೇಡ ಎಂದದ್ದನ್ನೇ ಮನುಷ್ಯ ಮಾಡುತ್ತಾನೆ ಎಂದು 1966ರಲ್ಲಿ ಜ್ಯಾಕ್ ಬ್ರೆಮ್ ಬರೆದಿರುವುದು ಅವರಿಗೂ ಗೊತ್ತು. ಬರಿಯ ಆಶೀರ್ವಾದ ಮಾಡಿ ಹೋದವರಿಗೂ ಪುಸ್ತಕದಲ್ಲಿ ಒಂದು ಸಾಲು ಇರುತ್ತದೆ. ಅದರ ಎದುರು ಮೊತ್ತದ ಜಾಗ ಖಾಲಿ. ಮುಂದೆ ಅವರ ಮನೆಯ ಪತ್ರಿಕೆ ಬಂದ ದಿನ ಈ ಪುಟ ತೆಗೆಯುತ್ತಾರೆ. ಐನೂರ ಒಂದಕ್ಕೆ ಐನೂರ ಒಂದು, ಗೋಡೆ ಗಡಿಯಾರಕ್ಕೆ ಗೋಡೆ ಗಡಿಯಾರ, ಸಾಧ್ಯವಾದರೆ ಅದೇ ಗಡಿಯಾರ.

ಮಾನವ ಸ್ಮೃತಿಯ ಬಗ್ಗೆ ಇಷ್ಟು ದೀರ್ಘ ಕಾಲದ, ಇಷ್ಟು ಶಿಸ್ತಿನ ದತ್ತಾಂಶ ಯಾವ ವಿಶ್ವವಿದ್ಯಾಲಯದಲ್ಲೂ ಇರಲಿಕ್ಕಿಲ್ಲ. ಸಂಶೋಧನೆಗೆಂದು ನಾನು ಕೆಲವು ಮನೆಗಳಲ್ಲಿ ಆ ಪುಸ್ತಕ ಕೇಳಿದೆ. ಬೀರುವಿನ ಲಾಕರಿನಲ್ಲಿ, ಒಡವೆ ಡಬ್ಬಿಯ ಕೆಳಗೆ ಇಟ್ಟಿರುತ್ತಾರೆ; ವಿಜ್ಞಾನದ ಹೆಸರು ಹೇಳಿದರೂ ಹೊರಗೆ ತೆಗೆಯುವುದಿಲ್ಲ. ಒಂದು ಮನೆಯ ಯಜಮಾನರು ಮಾತ್ರ ಸಂತೋಷದಿಂದ ಒಪ್ಪಿ, ಪುಸ್ತಕ ತಂದು, ಕನ್ನಡಕ ಹಾಕಿಕೊಂಡು, ನೇರವಾಗಿ ನನ್ನ ಹೆಸರಿದ್ದ ಪುಟ ತೆರೆದು ಗಟ್ಟಿಯಾಗಿ ಓದಿದರು. ಈ ವಿಭಾಗದ ಅಂಕಿಅಂಶಗಳನ್ನು ಇಲ್ಲಿ ಪ್ರಕಟಿಸುತ್ತಿಲ್ಲ.